14 ಲಕ್ಷ ಕೊಟ್ಟು ಕೆಮಿಕಲ್ ಇಂಜಿನಿಯರಿಂಗ್ ಓದಿಸಿದ್ರೆ ಗಿಟ್ಟುತ್ತದಾ?

ಪ್ರಶ್ನೆ (ಕೇರಳದ ಕಾಸರಗೋಡು, ಪೆರ್ಲ ಕಡೆಯ ಅಡಿಕೆ ಕೃಷಿಕರು): ಸರ್ ನಮಸ್ಕಾರ. ಮಗಳದ್ದು ಪ್ಲಸ್ ಟು ಆಯ್ತು, ಕೀಮ್ (ಕೇರಳದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ರ‍್ಯಾಂಕ್ ಅಷ್ಟೇನೂ ಮುಂದೆ ಇಲ್ಲ, ಕಂಪ್ಯೂಟರ್ ಸೈನ್ಸ್ ಸಿಗ್ಲಿಕ್ಕಿಲ್ಲ. ಕಲ್ಲಿಕೋಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಲ್ಲಿ ಕೆಮಿಕಲ್ ಬರುವ ಹಾಗೆ ಕಾಣ್ತದೆ. ಇನ್ನೊಂದು ಕಡೆ ಕರ್ನಾಟಕದ ಒಂದು ಪ್ರೈವೇಟ್ ಕಾಲೇಜಿನವರು ಅದೇ ಕೆಮಿಕಲ್ಲಿಗೆ ಮ್ಯಾನೇಜ್‌ಮೆಂಟ್ ಸೀಟು, ಹಾಸ್ಟೆಲ್ ಸೇರಿ 14 ಲಕ್ಷ ಹೇಳಿದ್ದಾರೆ. ಅವಳು ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ, ಮಲಯಾಳ ಅಷ್ಟಕ್ಕಷ್ಟೆ, ಅದಕ್ಕೆ ಕರ್ನಾಟಕವೇ ಆದೀತಾ ಅಂತ ಮನೆಯಲ್ಲಿ ಒಂದು ಮನಸ್ಸು. 10 ಲಕ್ಷ ಲೋನ್ ಮಾಡ್ಬೇಕಾಗ್ತದೆ. ಇದು ಗಿಟ್ಟುತ್ತದಾ? ಮತ್ತೆ ಈ ಕೆಮಿಕಲ್ ಅಂದ್ರೆ ಲ್ಯಾಬಲ್ಲಿ ನಿಂತು ಆಸಿಡ್ ಹೊಯ್ಯುವ ಕೆಲಸವಾ?

ಉತ್ತರ (ರಿಫೈನರಿಯಲ್ಲಿ ಪ್ರೊಸೆಸ್ ಇಂಜಿನಿಯರ್, ಊರು ಮಂಜೇಶ್ವರ): ಅಣ್ಣ, ಕೊನೆಯ ಪ್ರಶ್ನೆಗೆ ಮೊದ್ಲು ಹೇಳ್ತೇನೆ. ನೀವು ಕೊಳೆರೋಗಕ್ಕೆ ಬೋರ್ಡೊ ಮಾಡ್ತೀರಲ್ಲ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅದು ಯಾಕೆ ಹಾಗೆ ನೀಲಿ ಆಗ್ತದೆ ಅಂತ ಹೇಳುವುದು ಕೆಮಿಸ್ಟ್ರಿ. ಅದನ್ನೇ ದಿನಕ್ಕೆ ಲಕ್ಷ ಲೀಟರ್, ಒಂದೇ ಹದದಲ್ಲಿ, ಪಂಪು ಕಟ್ಟಿಕೊಳ್ಳದ ಹಾಗೆ, ಕರೆಂಟ್ ಖರ್ಚು ಮಿತಿಯಲ್ಲಿಟ್ಟು, ಯಾರ ಕೈಕಾಲೂ ಸುಡದ ಹಾಗೆ ಮಾಡ್ಲಿಕ್ಕೆ ಕೆಮಿಕಲ್ ಇಂಜಿನಿಯರ್ ಬೇಕು. ಕಲಿಯುವುದು ಜಾಸ್ತಿ ಗಣಿತ, ಫಿಸಿಕ್ಸ್. ಬಾಯ್ಲರ್, ಬಿಸಿ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್, ಕಾಯಿಸಿ ಬೇರೆ ಬೇರೆ ಮಾಡುವ ಡಿಸ್ಟಿಲೇಶನ್ ಕಾಲಮ್ ಇದೇ ಪ್ರಪಂಚ.

ಈಗ ದುಡ್ಡು. 10 ಲಕ್ಷವನ್ನು ಬ್ಯಾಂಕ್ ವರ್ಷಕ್ಕೆ ಎರಡೂವರೆ ಲಕ್ಷದ ಹಾಗೆ ಕೊಡ್ತದೆ ಅಂತ ಇಟ್ಕೊಳ್ಳಿ, ಬಡ್ಡಿ 10 ಪರ್ಸೆಂಟ್. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟುವುದು ಬೇಡ, ಆದ್ರೆ ಬಡ್ಡಿ ನಿಲ್ಲುವುದಿಲ್ಲ, ಸಾದಾ ಬಡ್ಡಿ ಹಾಕಿದ್ರೂ ಅಷ್ಟರೊಳಗೆ ಮೂರೂವರೆ ಲಕ್ಷ ಸೇರಿ ಹದಿಮೂರೂವರೆ ಆಗಿರ್ತದೆ. ಅದನ್ನು 10 ವರ್ಷದಲ್ಲಿ ತೀರಿಸ್ಲಿಕ್ಕೆ ತಿಂಗಳಿಗೆ ಸುಮಾರು 17,800. ನಾನು ನೋಡಿದ ಹಾಗೆ ಸಾಧಾರಣ ಪ್ರೈವೇಟ್ ಪ್ಲಾಂಟಲ್ಲಿ ಹೊಸಬರಿಗೆ ಕೈಗೆ ಸಿಗುವುದು ಇಪ್ಪತ್ತೈದು ಸಾವಿರದ ಆಚೆ ಈಚೆ. ಉಳಿದ ಏಳು ಸಾವಿರದಲ್ಲಿ ಅವಳು ರೂಮಿನ ಬಾಡಿಗೆ ಕೊಡ್ತಾಳಾ ಊಟ ಮಾಡ್ತಾಳಾ? ಅದೂ ಅಲ್ಲದೆ ಏಳೂವರೆ ಲಕ್ಷ ದಾಟಿದ್ರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳ್ತಾರೆ, ಅಂದ್ರೆ ನಿಮ್ಮ ತೋಟದ ರೆಕಾರ್ಡ್ ಹೋಗಿ ಅಲ್ಲಿ ಕೂರ್ತದೆ.

ಕಲ್ಲಿಕೋಟೆಯಲ್ಲಿ ಸರ್ಕಾರಿ ಫೀಸು, ಹಾಸ್ಟೆಲ್ ಮೆಸ್ ಎಲ್ಲ ಹಾಕಿದ್ರೂ ಪ್ರೈವೇಟಿನ ಒಂದು ವರ್ಷದ ಖರ್ಚಲ್ಲಿ ನಾಲ್ಕು ವರ್ಷ ಮುಗಿದೀತು. ಮತ್ತೆ ಪ್ಲಾಂಟಲ್ಲಿ ಕೆಲಸಕ್ಕೆ ಸೇರುವಾಗ ನೀವು ಎಷ್ಟು ಫೀಸು ಕಟ್ಟಿದ್ರಿ ಅಂತ ನೋಡಿ ಯಾರೂ ಸಂಬಳ ಫಿಕ್ಸ್ ಮಾಡುವುದಿಲ್ಲ ಮಾರಾಯ್ರೆ. ಕೆಮಿಕಲ್ ಒಳ್ಳೆಯದೇ, 14 ಲಕ್ಷದ ಕೆಮಿಕಲ್ ಬೇಡ.

ಕಮೆಂಟ್ (ಕುಂಬಳೆ): ಅಷ್ಟು ದುಡ್ಡಿದ್ರೆ ಕಂಪ್ಯೂಟರೇ ಮಾಡ್ಲಿ ಅಲ್ವಾ ಅಣ್ಣ. ಇಲ್ಲಾಂದ್ರೆ ಗಲ್ಫ್ ಇದ್ದೇ ಉಂಟಲ್ಲ.

ಉತ್ತರ: ಗಲ್ಫಿಗೆ ನಮ್ಮವರು ಹೋಗ್ತಾರೆ, ಸರಿ, ಜುಬೈಲ್, ರುವೈಸ್ ಎಲ್ಲ ಇದೇ ಕೆಲಸದ ಊರುಗಳು. ಆದ್ರೆ ಅಲ್ಲಿ ಹೊಸಬರನ್ನು ಯಾರು ಕೇಳ್ತಾರೆ, ನಾಲ್ಕೈದು ವರ್ಷ ಇಲ್ಲಿ ಪ್ಲಾಂಟಲ್ಲಿ ಬೆಂದಿರ್ಬೇಕು. ಆ ನಾಲ್ಕೈದು ವರ್ಷ ಹೆಚ್ಚಾಗಿ ಗುಜರಾತಲ್ಲಿ, ದಹೇಜ್, ಹಜೀರಾ, ಜಾಮ್‌ನಗರ. ಮಂಗಳೂರಲ್ಲಿ ಎಂಆರ್‌ಪಿಎಲ್, ಪಣಂಬೂರಿನ ಗೊಬ್ಬರ ಕಾರ್ಖಾನೆ ಎಂಸಿಎಫ್, ಕೊಚ್ಚಿಯಲ್ಲಿ ಬಿಪಿಸಿಎಲ್ ರಿಫೈನರಿ, ಗೊಬ್ಬರದ ಫ್ಯಾಕ್ಟ್ ಉಂಟು, ಆದ್ರೆ ಮನೆಯಿಂದ ಹೋಗಿ ಬರುವ ಕೆಲಸ ಅಂತ ಎಣಿಸಿ ಇದಕ್ಕೆ ಸೇರಿಸ್ಬೇಡಿ. ನಿಜವಾದ ಸಂಬಳ ಇಂಜಿನಿಯರಿಂಗ್ ಓದಿದವರು ಬರೆಯುವ ಗೇಟ್ ಪರೀಕ್ಷೆಯಲ್ಲಿ. ಒಳ್ಳೆ ಸ್ಕೋರ್ ಬಂದ್ರೆ ಕೆಲವು ಸರ್ಕಾರಿ ಆಯಿಲ್ ಕಂಪೆನಿಗಳಲ್ಲಿ ಆಫೀಸರ್, ಮೂಲ ವೇತನವೇ 50,000ದಿಂದ ಶುರು, ಸ್ಕೋರಿಗೆ ಮೂರು ವರ್ಷ ಮಾನ್ಯತೆ ಇದ್ರೂ ಕಂಪೆನಿಯವರು ಹೆಚ್ಚಾಗಿ ಆ ವರ್ಷದ್ದೇ ಕೇಳ್ತಾರೆ. ಸೀಟು ಕಡಿಮೆ, ಪೈಪೋಟಿ ಭಯಂಕರ, ಅದನ್ನೂ ಹೇಳ್ಬೇಕಲ್ಲ. ನನಗೇ ಎರಡನೇ ಸಲಕ್ಕೆ ಆದದ್ದು.

ಕಮೆಂಟ್ (ಬದಿಯಡ್ಕದ ಟೀಚರ್): ಹುಡುಗಿಯರಿಗೆ ನೈಟ್ ಶಿಫ್ಟ್ ಸಮಸ್ಯೆ ಇಲ್ವಾ? ಮತ್ತೆ ನಮ್ಮ ಮಕ್ಕಳಿಗೆ ಸುರತ್ಕಲ್‌ನ ಎನ್‌ಐಟಿ (ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜು) ಯಾಕೆ ಆಗುವುದಿಲ್ಲ, ಇಷ್ಟು ಹತ್ತಿರ ಇದ್ದು?

ಉತ್ತರ: ಅಕ್ಕ, 1948ರ ಫ್ಯಾಕ್ಟರಿ ಕಾನೂನಲ್ಲಿ ಹೆಂಗಸರಿಗೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕೆಲಸ ಇಲ್ಲ ಅಂತ ಇತ್ತು, ಆಮೇಲೆ ಷರತ್ತು ಹಾಕಿ ಸಡಿಲ ಮಾಡ್ತಾ ಬಂದ್ರು. ಹಾಗಾಗಿ ಹಳೇ ಪ್ಲಾಂಟುಗಳಲ್ಲಿ ಹೆಣ್ಣುಮಕ್ಕಳು ಜಾಸ್ತಿ ಡಿಸೈನ್, ಟೆಕ್ನಿಕಲ್ ಸರ್ವಿಸ್, ಕ್ವಾಲಿಟಿಯಲ್ಲಿ ಇರುವುದು. ನಮ್ಮಲ್ಲಿ ಈಗ ಕಂಟ್ರೋಲ್ ರೂಮಲ್ಲೂ ಇದ್ದಾರೆ, ಗಂಡಸರಿಗಿಂತ ಲಾಗ್ ಬುಕ್ ನೀಟಾಗಿ ಬರೀತಾರೆ.

ಸುರತ್ಕಲ್‌ದು ನಮ್ಮ ಹಣೆಬರಹ. ಎನ್‌ಐಟಿಯಲ್ಲಿ ಅರ್ಧ ಸೀಟು ಆ ರಾಜ್ಯದವರಿಗೆ, ರಾಜ್ಯ ಅಂದ್ರೆ ಹನ್ನೆರಡನೇ ಕ್ಲಾಸ್ ಎಲ್ಲಿ ಪಾಸಾದ್ದು ಅಂತ. ನಮ್ಮ ಮಕ್ಕಳು ತಲಪಾಡಿಯ ಈಚೆ ಕಲಿತದ್ದಕ್ಕೆ ಸುರತ್ಕಲ್ಲಿಗೆ ಹೊರಗಿನವರು, ಕಲ್ಲಿಕೋಟೆ ಎನ್‌ಐಟಿಗೆ ಒಳಗಿನವರು. ಕರ್ನಾಟಕದ ಸಿಇಟಿಯಲ್ಲಿ ಮಾತ್ರ ಗಡಿನಾಡ ಕನ್ನಡಿಗರಿಗೆ ದಾರಿ ಉಂಟು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು ಅದರಲ್ಲಿ ಬರ್ತದೆ. ಕನ್ನಡ ಪರೀಕ್ಷೆ ಒಂದು ಬರೀಬೇಕು, ನಮ್ಮ ಮಕ್ಕಳಿಗೆ ಅದು ಎಂತ ಕಷ್ಟ? ಅರ್ಜಿ ಹಾಕುವಾಗಲೇ ಆ ಕಾಲಂ ತುಂಬ್ಬೇಕು, ಶಾಲೆಯ ಸರ್ಟಿಫಿಕೇಟ್ ಮೊದಲೇ ಮಾಡಿಸಿ ಇಡ್ಬೇಕು. ಮುಂದಿನ ವರ್ಷದ ಮಕ್ಕಳಿಗೆ ದಯಮಾಡಿ ಹೇಳಿ ಟೀಚರ್, ಇದು ಗೊತ್ತಿಲ್ಲದೆಯೇ ಎಷ್ಟೋ ಜನ ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಸುರೀತಾರೆ.

ಪ್ರಶ್ನೆ (ಮೊದಲು ಕೇಳಿದವರು): ಸರ್, ಮಗಳಿಗೆ ಓದಿ ಹೇಳಿದೆ. ಕಲ್ಲಿಕೋಟೆಗೇ ಹೋಗ್ತೇನೆ, ಮಲಯಾಳ ಆರು ತಿಂಗಳಲ್ಲಿ ಬರ್ತದೆ ಅಂತ ಅವಳೇ ಹೇಳಿದ್ಲು. ಲ್ಯಾಪ್‌ಟಾಪ್ ಈಗ್ಲೇ ತೆಗೀಬೇಕಾ?

ಉತ್ತರ: ಎರಡನೇ ವರ್ಷಕ್ಕೆ ತೆಗೆದ್ರೆ ಸಾಕು ಅಣ್ಣ. ಈಗ ಒಂದು ಒಳ್ಳೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಡ್ಸಿ, ಹಿಂದೆ ಅವಳ ಹೆಸರು ಕೆತ್ತಿ, ಹಾಸ್ಟೆಲಲ್ಲಿ ಮೊದ್ಲು ಕಾಣೆ ಆಗುವುದು ಅದೇ.