ನಾಲ್ಕು ಸಲ ಬಿದ್ದ ಅಲಿಯ ದವಡೆ ಗಟ್ಟಿ ಅಂತ ಹೇಗೆ ಹೇಳುತ್ತೀರಿ?

ಹಾಸನದ_ಹೈದ
ಸಾಲಗಾಮೆ ರಸ್ತೆಯ ಒಂದು ಜಿಮ್‌ನಲ್ಲಿ ಸಂಜೆ ಹೊತ್ತು ಬಾಕ್ಸಿಂಗ್ ಕಲಿಯುತ್ತಿದ್ದೇನೆ. ಹೆವಿವೇಟ್ ಚಾಂಪಿಯನ್‌ಗಳಲ್ಲಿ ಮಹಮ್ಮದ್ ಅಲಿಯಷ್ಟು ಏಟು ತಾಳುವವನು ಇನ್ನೊಬ್ಬನಿಲ್ಲ ಅಂತ ಅಲ್ಲಿ ಎಲ್ಲರದ್ದೂ ಒಂದೇ ಮಾತು. ಆದರೆ 1962ರಲ್ಲಿ ಸನ್ನಿ ಬ್ಯಾಂಕ್ಸ್, 1963ರಲ್ಲಿ ಹೆನ್ರಿ ಕೂಪರ್, 1971ರಲ್ಲಿ ಜೋ ಫ್ರೇಜಿಯರ್, 1975ರಲ್ಲಿ ಚಕ್ ವೆಪ್ನರ್ ಅವನನ್ನು ಕೆಡವಿದ್ದಾರೆ. ವಿಟಾಲಿ ಕ್ಲಿಚ್ಕೊ 47 ಪಂದ್ಯ ಆಡಿ ಒಮ್ಮೆಯೂ ಬೀಳಲಿಲ್ಲ. ಅವನು ಸೋತ ಎರಡು ಪಂದ್ಯಗಳಲ್ಲಿ ಒಂದು ಭುಜದ ಪೆಟ್ಟಿನಿಂದ, ಇನ್ನೊಂದು ಕಣ್ಣಿನ ಹತ್ತಿರದ ಗಾಯದಿಂದ. ಹಾಗಾದರೆ ವಿಟಾಲಿಯೇ ಮೇಲು ಅಲ್ವಾ?

ಸಕಲೇಶಪುರ_ಫೌಜಿ
ತಮ್ಮಾ, ಬಿದ್ದದ್ದನ್ನು ಮಾತ್ರ ಲೆಕ್ಕ ಹಾಕಿದರೆ ದಾರಿ ತಪ್ಪುತ್ತೀಯ. ಹೊಡೆದವರು ಯಾರು, ಯಾವ ರೌಂಡು, ಎದ್ದ ಮೇಲೆ ಏನಾಯಿತು, ಅದನ್ನೂ ನೋಡು.

ವೆಪ್ನರ್ ವಿಷಯ ಬಿಡು, ಅವನು ನನ್ನ ಕಾಲು ತುಳಿದ ಅಂತ ಅಲಿ ಹೇಳುತ್ತಲೇ ಇದ್ದ. ಕೂಪರ್ ಕೆಡವಿದ್ದು ಅಪ್ಪಟ ಲೆಫ್ಟ್ ಹುಕ್, ಅಂದರೆ ಎಡಗೈ ಮಡಚಿ ಪಕ್ಕದಿಂದ ಬೀಸುವ ಗುದ್ದು. ನಾಲ್ಕನೇ ರೌಂಡು ಮುಗಿಯುವ ಹೊತ್ತು. ಅಲಿ ಎದ್ದ, ಗಂಟೆ ಬಾರಿಸಿತು. ಮುಂದಿನ ರೌಂಡಲ್ಲಿ ಕೂಪರ್ ಕಣ್ಣಿನ ಮೇಲೆ ಸೀಳಿ ರಕ್ತ ಸುರಿದು ರೆಫ್ರಿ ಪಂದ್ಯ ನಿಲ್ಲಿಸಿದರು. ಗಂಟೆ ಅರ್ಧ ನಿಮಿಷ ತಡವಾಗಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ. ಅಲ್ಲಿ ಅದೃಷ್ಟ ಇತ್ತು ಅಂತ ನಾನೂ ಒಪ್ಪುತ್ತೇನೆ.

ಫ್ರೇಜಿಯರ್ ಪಂದ್ಯ ಹಾಗಲ್ಲ. 1971 ಮಾರ್ಚ್ 8, ನ್ಯೂಯಾರ್ಕ್. ಅಲಿ ಮೂರು ವರ್ಷಕ್ಕೂ ಜಾಸ್ತಿ ರಿಂಗ್‌ನಿಂದ ಹೊರಗಿದ್ದು ಬಂದವನು. ಹದಿನಾಲ್ಕು ರೌಂಡು ಗುದ್ದಿಸಿಕೊಂಡು ದಣಿದಿದ್ದ. ಹದಿನೈದನೆಯದರಲ್ಲಿ ಫ್ರೇಜಿಯರ್‌ನ ಎಡಗೈ ಹುಕ್ ಬಿತ್ತು. ಬೆನ್ನು ನೆಲಕ್ಕೆ ತಾಗಿತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ಇವನು ಕೆಲವೇ ಸೆಕೆಂಡಲ್ಲಿ ಎದ್ದು, ದವಡೆ ಊದಿಸಿಕೊಂಡೇ ಕೊನೆಯ ಗಂಟೆವರೆಗೂ ಆಡಿದ. ಎರಡು ವರ್ಷ ಬಿಟ್ಟು ಕೆನ್ ನಾರ್ಟನ್ ಅವನ ದವಡೆ ಮುರಿದೇಬಿಟ್ಟ. ಆಗಲೂ ಕೂರಲಿಲ್ಲ, 12 ರೌಂಡೂ ನಿಂತ. ಎರಡೂ ಪಂದ್ಯ ಪಾಯಿಂಟ್ ಮೇಲೆ ಸೋತದ್ದು, ನಾಕೌಟ್ ಆಗಿ ಅಲ್ಲ.

ನಾನು ರೆಜಿಮೆಂಟ್‌ನಲ್ಲಿ ವೆಲ್ಟರ್‌ವೇಟ್ ಅನ್ನುವ ತೂಕದ ವರ್ಗದಲ್ಲಿ ಆಡುತ್ತಿದ್ದೆ. ಕಣ್ಣೆದುರು ಬರುವ ಗುದ್ದು ಎಷ್ಟೇ ದೊಡ್ಡದಿದ್ದರೂ ಕುತ್ತಿಗೆ ಬಿಗಿ ಹಿಡಿಯುತ್ತೀಯ, ನೋವಾಗುತ್ತದೆ, ಅಷ್ಟೆ. ನನ್ನನ್ನು ಮಲಗಿಸಿದ್ದು ನನಗಿಂತ ಸಣ್ಣಗಿದ್ದ ಮಣಿಪುರದ ಹುಡುಗ. ಅವನ ಎಡಗೈ ಎಲ್ಲಿಂದ ಬಂತೋ ಕಾಣಲೇ ಇಲ್ಲ. ನಮ್ಮ ಉಸ್ತಾದ್ ಬೈಯುವುದು ಒಂದೊಂದು ಮಾತೂ ಕೇಳಿಸುತ್ತಿತ್ತು. ಕಾಲು ಮಾತ್ರ ನನ್ನ ಮಾತು ಕೇಳಲಿಲ್ಲ.

ಅಲಿ ಹೆಚ್ಚಿನ ಏಟುಗಳನ್ನು ನೋಡಿಕೊಂಡೇ ತಿಂದ. ಕಿನ್ಶಾಸಾದಲ್ಲಿ 1974ರಲ್ಲಿ ಜಾರ್ಜ್ ಫೋರ್‌ಮನ್ ಎದುರು ಹಗ್ಗಕ್ಕೆ ಒರಗಿ ನಿಂತ. ಈ ಫೋರ್‌ಮನ್ ಹಿಂದಿನ ವರ್ಷ ಫ್ರೇಜಿಯರ್‌ನನ್ನು ಎರಡೇ ರೌಂಡಲ್ಲಿ ಆರು ಸಲ ಕೆಡವಿದವನು. ಗುದ್ದುಗಳಲ್ಲಿ ಬಹುಪಾಲು ಅಲಿಯ ತೋಳಿಗೆ, ಪಕ್ಕೆಗೆ ಬಿದ್ದವು. ತಲೆಗೆ ಬಂದರೆ ಹಗ್ಗದ ಮೇಲೆ ಹಿಂದಕ್ಕೆ ಬಾಗಿ ಅರ್ಧ ಜೋರು ಕಳೆಯುತ್ತಿದ್ದ. ಎಂಟನೇ ರೌಂಡಲ್ಲಿ ಮಲಗಿದ್ದು ಫೋರ್‌ಮನ್.

ಮೂಡಿಗೆರೆ_ಮಳೆ
ಬೀಳದಿರುವುದೇ ಲೆಕ್ಕ ಆದರೆ ಕೆನಡಾದ ಜಾರ್ಜ್ ಚುವಾಲೊಗೆ ಕೈ ಮುಗಿಯಿರಿ. 93 ಪಂದ್ಯ, ಒಂದು ಸಲವೂ ಬಿದ್ದಿಲ್ಲ. ಫ್ರೇಜಿಯರ್ ಮತ್ತು ಫೋರ್‌ಮನ್ ಇಬ್ಬರೂ ಮುಖ ಜಜ್ಜಿದರು, ರೆಫ್ರಿ ನಿಲ್ಲಿಸಬೇಕಾಯಿತು. ಆಗಲೂ ನಿಂತೇ ಇದ್ದ. ಆದರೆ ವಿಶ್ವ ಚಾಂಪಿಯನ್ ಆಗಲಿಲ್ಲ ಪಾಪ. ಆ ಕಡೆ ಚಾಂಪಿಯನ್ ಆಗಿದ್ದ ರಾಕಿ ಮಾರ್ಸಿಯಾನೊ ವಾಲ್ಕಾಟ್ ಕೈಲೂ ಬಿದ್ದ, ಆರ್ಚಿ ಮೂರ್ ಕೈಲೂ ಬಿದ್ದ. ಎದ್ದು ಇಬ್ಬರನ್ನೂ ನಾಕೌಟ್ ಮಾಡಿ 49ಕ್ಕೆ 49 ಗೆದ್ದು ಮನೆಗೆ ಹೋದ.

ಅರಸೀಕೆರೆ_ಫಿಸಿಯೊ
ಫೌಜಿ ಸಾರ್ ಕಾಲಿನ ಬಗ್ಗೆ ಹೇಳಿದ್ದು ಸರಿ. ದವಡೆ ಮೂಳೆ ಗಟ್ಟಿ ಇದ್ದರೆ ಮೂಳೆ ಮುರಿಯುವುದಿಲ್ಲ, ಅಷ್ಟೆ. ಹುಕ್ ಗದ್ದದ ತುದಿಗೆ ಅಡ್ಡಲಾಗಿ ಬಿದ್ದರೆ ತಲೆ ಗಕ್ಕನೆ ತಿರುಗುತ್ತದೆ. ಬುರುಡೆ ತಿರುಗಿದಷ್ಟು ಬೇಗ ಮಿದುಳು ತಿರುಗುವುದಿಲ್ಲ. ನಮ್ಮೂರಲ್ಲಿ ಅಟ್ಟದ ಮೇಲೆ ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಕರಟಕ್ಕೆ ಬಡಿಯುತ್ತದಲ್ಲ, ಸುಮಾರಾಗಿ ಹಾಗೆ. ಮಿದುಳಿನ ಎಳೆಗಳು ಎಳೆದಂತಾಗಿ ಒಂದು ಕ್ಷಣ ಕೆಲಸ ನಿಲ್ಲುತ್ತದೆ. ಕುತ್ತಿಗೆ ಬಿಗಿಯಾಗಿದ್ದರೆ ತಲೆ ತಿರುಗುವುದು ಕಡಿಮೆ. ಕಾಣದೆ ಬಂದ ಗುದ್ದಿಗೆ ಕುತ್ತಿಗೆ ಸಿದ್ಧವಿರುವುದಿಲ್ಲ.

ಹಾಸನದ_ಹೈದ
ಹಾಗಾದರೆ ಕುತ್ತಿಗೆ ವ್ಯಾಯಾಮ ಮಾಡಿ, ಹೆಡ್‌ಗಾರ್ಡ್ ಹಾಕಿಕೊಂಡು ಜಾಸ್ತಿ ಸ್ಪಾರಿಂಗ್ (ಜೊತೆಗಾರನ ಎದುರು ಅಭ್ಯಾಸದ ಪಂದ್ಯ) ಮಾಡಿದರೆ ಏಟು ತಾಳುವುದು ಅಭ್ಯಾಸ ಆಗುತ್ತಾ ಅಣ್ಣ?

ಸಕಲೇಶಪುರ_ಫೌಜಿ
ಕುತ್ತಿಗೆ ವ್ಯಾಯಾಮ ಮಾಡು, ಒಳ್ಳೆಯದೇ. ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು ತಪ್ಪಿಸುತ್ತದೆ. ಫಿಸಿಯೊ ಹೇಳಿದ ತಿರುಗುವಿಕೆಗೆ ಅದು ಹೆಚ್ಚೇನೂ ಮಾಡುವುದಿಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ದೊಡ್ಡ ಮಟ್ಟದ ಗಂಡಸರ ಪಂದ್ಯಗಳಿಂದ 2013ರಲ್ಲಿ ಅದನ್ನು ತೆಗೆದೇ ಹಾಕಿದರು.

ಹೊಡೆಸಿಕೊಂಡು ಗಟ್ಟಿಯಾಗುತ್ತೇನೆ ಅನ್ನುವುದು ಮಾತ್ರ ಬೇಡ. ಅಲಿ ಮಾಡಿದ್ದು ಅದನ್ನೇ. ಅಭ್ಯಾಸದಲ್ಲೂ ಹಗ್ಗಕ್ಕೆ ಒರಗಿ ಸ್ಪಾರಿಂಗ್ ಹುಡುಗರ ಕೈಲಿ ಗುದ್ದಿಸಿಕೊಳ್ಳುತ್ತಿದ್ದ. 1977ರಲ್ಲಿ ಅರ್ನಿ ಶೇವರ್ಸ್ ಎದುರು 15 ರೌಂಡು ನಿಂತು ಗೆದ್ದ. ಹೆವಿವೇಟ್‌ನಲ್ಲಿ ಅತಿ ಜೋರಾಗಿ ಗುದ್ದುವವರ ಮಾತು ಬಂದರೆ ಈಗಲೂ ಶೇವರ್ಸ್ ಹೆಸರು ಬರುತ್ತದೆ. ಜನ ಚಪ್ಪಾಳೆ ಹೊಡೆದರು. ಅಲಿಯ ಡಾಕ್ಟರ್ ಫರ್ಡಿ ಪಚೆಕೊ ಮಾತ್ರ ಇನ್ನು ಆಡಬೇಡ ಅಂತ ಹೇಳಿ, ಅವನು ಕೇಳದಿದ್ದಾಗ ತಂಡ ಬಿಟ್ಟು ಹೋದರು. 1980ರಲ್ಲಿ ಲ್ಯಾರಿ ಹೋಮ್ಸ್ ಹತ್ತು ರೌಂಡು ಹೊಡೆದ. ಹಿಂದೆ ಅಲಿಯ ಸ್ಪಾರಿಂಗ್ ಹುಡುಗನಾಗಿದ್ದವನು. ಅಲಿ ಆಗಲೂ ಬೀಳಲಿಲ್ಲ, ಅವನ ಕಡೆಯವರೇ ಪಂದ್ಯ ನಿಲ್ಲಿಸಿದರು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣ ಅಂತ ಗೊತ್ತಾಯಿತು. ಗುದ್ದಿನಿಂದಲೇ ಬಂತಾ ಅನ್ನುವುದರಲ್ಲಿ ಡಾಕ್ಟರ್‌ಗಳಿಗೇ ಒಮ್ಮತ ಇಲ್ಲ. ನನ್ನನ್ನು ಕೇಳಿದರೆ, ಅವನು ಸ್ವಲ್ಪ ಬೇಗ ಬೀಳುವವನಾಗಿದ್ದರೆ ಚೆನ್ನಾಗಿತ್ತು.

ನಿಮ್ಮ ಜಿಮ್‌ನಲ್ಲಿ ವಾರಕ್ಕೆ ಎಷ್ಟು ದಿನ ತಲೆಗೆ ಹೊಡೆಯುವ ಸ್ಪಾರಿಂಗ್ ಮಾಡಿಸುತ್ತಾರೆ? ಮೊದಲು ಅದನ್ನು ಹೇಳು.