ಹತ್ತು ವರ್ಷದ ಮಗಳಿಗೆ ಮೊದಲ ಶಾಟ್‌ಗನ್: .410 ಸಾಕಾ, 20 ಗೇಜ್ ಬೇಕಾ?

ಬ್ರಾಜೋಸ್_ದಂಡೆ:
ಎಲ್ಲರಿಗೂ ನಮಸ್ಕಾರ. ನಾವಿರೋದು ಟೆಕ್ಸಸ್‌ನಲ್ಲಿ. ಮಗಳಿಗೆ 10 ವರ್ಷ, ಎತ್ತರ 4 ಅಡಿ 6 ಇಂಚು, ತೂಕ 32 ಕಿಲೊ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದಾಳೆ. ಸೆಪ್ಟೆಂಬರ್‌ನ ಡವ್ (ಬೆಳವ ಹಕ್ಕಿ) ಬೇಟೆಯ ಸೀಸನ್ನಿಗೆ ನನ್ನ ಜೊತೆ ಬರ್ತೀನಿ ಅಂತಿದ್ದಾಳೆ, ಅದಕ್ಕೆ ಮುಂಚೆ ಕ್ಲೇ (ಗುರಿಗೆ ಅಂತ ಎಸೆಯೋ ಬಿಲ್ಲೆ) ಹೊಡೆಯೋ ಅಭ್ಯಾಸ ಮಾಡಿಸಬೇಕು. ಅಂಗಡಿಯಲ್ಲಿ ಒಂಟಿ ನಳಿಗೆಯ .410 (20 ಗೇಜ್‌ಗಿಂತ ಕಿರಿದಾದ ನಳಿಗೆಯದು) ತೋರಿಸ್ತಾರೆ: ಹಗುರ, ಅಗ್ಗ, ಮಕ್ಕಳಿಗೆ ಇದೇ ಸರಿ ಅಂತಾರೆ. ಇನ್ನು ಕೆಲವರು 20 ಗೇಜೇ ತಗೊಳ್ಳಿ ಅಂತಾರೆ. ಮನೆಯಲ್ಲಿ ನನ್ನ 12 ಗೇಜ್ ಪಂಪ್ ಇದೆ (ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ಅಗಲ; ಪಂಪ್ ಅಂದರೆ ಪ್ರತಿ ಏಟಿಗೂ ಮುಂದಿನ ಹಿಡಿ ಎಳೆದು ತಳ್ಳೋದು), ಅದರ ಸ್ಟಾಕ್ (ಭುಜಕ್ಕೆ ಒತ್ತೋ ಹಿಂಭಾಗ) ಕತ್ತರಿಸಿ ಗಿಡ್ಡ ಮಾಡಿ ಕೊಟ್ಟರೆ ನಡೆಯುತ್ತಾ? ತಿಳಿದವರು ಹೇಳಿ.

ವೇಕೋ_ಗೌಡ:
12 ಗೇಜ್ ಕತ್ತರಿಸೋ ಯೋಚನೆ ಬಿಡಿ ಸರ್. ಸ್ಟಾಕ್ ಗಿಡ್ಡ ಮಾಡಿದರೂ ನಳಿಗೆ ಉದ್ದವೇ ಉಳಿಯುತ್ತೆ, ಭಾರವೆಲ್ಲ ಮುಂದಕ್ಕೆ ವಾಲುತ್ತೆ. ಅದನ್ನ ಎತ್ತಿ ಹಿಡಿಯೋಕೆ ಮಗು ಸೊಂಟದಿಂದ ಹಿಂದಕ್ಕೆ ಬಾಗುತ್ತೆ. ಹಾಗೆ ನಿಂತು ಹೊಡೆದರೆ ಒದೆತಕ್ಕೆ ಹೆಜ್ಜೆ ತಪ್ಪಿಹೋಗುತ್ತೆ.

ಇನ್ನು .410. ಹಗುರವಾದ್ದರಿಂದ ಸುಲಭ ಅನ್ನೋದು ಅರ್ಧ ಮಾತ್ರ ನಿಜ. ಎರಡೂವರೆ ಇಂಚಿನ .410 ಶೆಲ್‌ನಲ್ಲಿ (ತೋಟಾದಲ್ಲಿ) ಅರ್ಧ ಔನ್ಸ್ ಸೀಸ ಇರುತ್ತೆ, ಅಂದರೆ 8ನೇ ನಂಬರಿನ (ಗುಂಡಿನ ಗಾತ್ರ) ಸುಮಾರು 205 ಗುಂಡು. ಸಾಮಾನ್ಯ 20 ಗೇಜ್ ಶೆಲ್‌ನಲ್ಲಿ 7/8 ಔನ್ಸ್, ಅದೇ ನಂಬರಿನ ಸುಮಾರು 360. ದೂರ ಹೋದಂತೆ ಗುಂಡುಗಳು ಹರಡಿಕೊಳ್ಳುತ್ತವೆ. 205 ಗುಂಡಿನ ಮಂದೆಯಲ್ಲಿ ನಡುನಡುವೆ ಹಕ್ಕಿಯಷ್ಟೇ ಅಗಲದ ಖಾಲಿ ಜಾಗ ಬೀಳುತ್ತೆ. ಗುರಿ ಸರಿಯಿದ್ದರೂ ಒಂದೆರಡು ಗುಂಡು ತಗುಲಿ, ಡವ್ ಗಾಯಗೊಂಡು ಎಲ್ಲೋ ಪೊದೆಯಲ್ಲಿ ಬಿದ್ದು ಸಾಯುತ್ತೆ. .410 ಪಳಗಿದ ಕೈಗೆ ಸರಿ. ಕಲಿಯೋ ಮಗುವಿನ ಮೊದಲ ಬೇಟೆಗೆ ಅದು ನ್ಯಾಯವಲ್ಲ, ಹಕ್ಕಿಗೂ ಅಲ್ಲ.

ಒದೆತದ ಲೆಕ್ಕ ಹೀಗೆ. ಒಂದೇ ಶೆಲ್ ಇಟ್ಟುಕೊಂಡರೆ ಒದೆತದ ಶಕ್ತಿ ಬಂದೂಕಿನ ತೂಕಕ್ಕೆ ವಿಲೋಮ. 5 ಪೌಂಡಿನದಕ್ಕಿಂತ 6.5 ಪೌಂಡಿನದು ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ ಒದೆಯುತ್ತೆ. 20 ಗೇಜಿನ ಹಗುರ ಒಂಟಿ ನಳಿಗೆ ಕೆಲವೊಮ್ಮೆ ಅಪ್ಪನ 12 ಗೇಜ್‌ಗಿಂತ ಜೋರಾಗಿ ಒದೆಯೋದು ಇದಕ್ಕೇ. ಗ್ಯಾಸ್‌ನಿಂದ ಓಡುವ ಸೆಮಿ-ಆಟೊ (ಏಟಿನ ಗ್ಯಾಸೇ ಮುಂದಿನ ಶೆಲ್ ಏರಿಸುವಂಥದ್ದು) ಆದರೆ ಅದೇ ಒದೆತ ಸ್ವಲ್ಪ ಹೆಚ್ಚು ಹೊತ್ತಿಗೆ ಹಂಚಿಹೋಗುತ್ತೆ. ಭುಜಕ್ಕೆ ಗುದ್ದಿದ ಹಾಗಾಗಲ್ಲ, ತಳ್ಳಿದ ಹಾಗಾಗುತ್ತೆ.

ಅದಕ್ಕೇ ನನ್ನ ಮತ: 20 ಗೇಜ್, ಗ್ಯಾಸ್ ಸೆಮಿ-ಆಟೊ, ಯೂತ್ (ಮಕ್ಕಳ) ಅಳತೆಯ ಸ್ಟಾಕ್, ತೂಕ 5.5ರಿಂದ 6.5 ಪೌಂಡ್. ಟ್ರೈಸ್ಟಾರ್ ವೈಪರ್ ಜಿ2 ಯೂತ್, ಮಾಸ್‌ಬರ್ಗ್ ಎಸ್‌ಎ-20 ಯೂತ್ ಈ ಜಾತಿಯವು. ಮೊದಲ ವರ್ಷ ಪೂರ್ತಿ ಒಂದು ಸಲಕ್ಕೆ ಒಂದೇ ಶೆಲ್ ತುಂಬಿ. ಎರಡು ತುಂಬಿದರೆ ಮೊದಲನೇ ಏಟಿನ ಖುಷಿಯಲ್ಲಿ ಮಗು ಹಿಂದಕ್ಕೆ ತಿರುಗೋ ಹೊತ್ತಿಗೆ ಎರಡನೇದು ಆಗಲೇ ಒಳಗೆ ಕೂತು ಸಿದ್ಧವಾಗಿರುತ್ತೆ.

ಪಂಪೇ ಬೇಕು ಅಂದರೆ ಮಾಸ್‌ಬರ್ಗ್ 500 ಬ್ಯಾಂಟಮ್ ಒಳ್ಳೇದು. ಆದರೆ ಗಿಡ್ಡ ಕೈಯವರು ಮುಂದಿನ ಹಿಡಿಯನ್ನ ಪೂರ್ತಿ ಹಿಂದಕ್ಕೆ ಎಳೆಯಲ್ಲ. ಖಾಲಿ ಶೆಲ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ, ಬಿಡಿಸೋ ಗಡಿಬಿಡಿಯಲ್ಲಿ ನಳಿಗೆ ಎಲ್ಲೆಲ್ಲೋ ತಿರುಗುತ್ತೆ. ಹೊರಗೆ ಕಾಣೋ ಹ್ಯಾಮರ್ ಇರುವ ಒಂಟಿ ನಳಿಗೆ ಮಕ್ಕಳಿಗೆ ಬೇಡವೇ ಬೇಡ. ಹೊಡೆಯದೆ ಹ್ಯಾಮರ್ ಇಳಿಸಬೇಕಾದಾಗ ಅದರ ಸ್ಪ್ರಿಂಗ್ ಎಳೆಯ ಹೆಬ್ಬೆರಳಿಗೆ ಜಾರುತ್ತೆ, ಒಳಗೆ ಶೆಲ್ ಇದ್ದರೆ ಅಲ್ಲೇ ಹಾರುತ್ತೆ.

ಸ್ಕೀಟ್_ಶಾಲಿನಿ:
ಗೌಡ್ರು ಹೇಳಿದ್ದಕ್ಕೆ ನನ್ನದು ಒಂದು ತಿದ್ದುಪಡಿ. ಬಜೆಟ್ ಇದ್ದರೆ ಮಧ್ಯದಲ್ಲಿ ಮಡಚುವ ಜೋಡು ನಳಿಗೆ, ಅಂದರೆ ಓವರ್-ಅಂಡರ್, ಕಲಿಸೋಕೆ ಅದಕ್ಕಿಂತ ಚೆನ್ನ. ಬಂದೂಕು ತೆರೆದಿದೆ ಅಂತ ಹತ್ತು ಹೆಜ್ಜೆ ದೂರದಿಂದಲೂ ಕಾಣುತ್ತೆ. ಬೆಲೆ ಜಾಸ್ತಿ, ತೂಕವೂ ಜಾಸ್ತಿ, ಅಷ್ಟೆ.

ಯಾವುದೇ ತಗೊಂಡರೂ ಅಳತೆ ಮುಖ್ಯ. ಟ್ರಿಗರ್‌ನಿಂದ ಸ್ಟಾಕ್‌ನ ತುದಿವರೆಗಿನ ಉದ್ದ ದೊಡ್ಡವರ ಬಂದೂಕಿನಲ್ಲಿ 14ರಿಂದ 14.5 ಇಂಚು. ನಿಮ್ಮ ಮಗಳ ಎತ್ತರಕ್ಕೆ 12ರ ಆಸುಪಾಸು ಬೇಕಾಗುತ್ತೆ. ಅಂಗಡಿಯಲ್ಲೇ ನೋಡಿ: ಖಾಲಿ ಇದೆ ಅಂತ ನೀವೂ ಅವಳೂ ನೋಡಿಕೊಂಡ ಮೇಲೆ, ಅವಳು ಕಣ್ಣು ಮುಚ್ಚಿ ಬಂದೂಕನ್ನ ಭುಜಕ್ಕೆ ಏರಿಸಲಿ, ಕೆನ್ನೆ ಸ್ಟಾಕ್‌ಗೆ ಒತ್ತಲಿ, ಆಮೇಲೆ ಕಣ್ಣು ಬಿಡಲಿ. ಮೂಗಿಗೂ ಟ್ರಿಗರ್ ಕೈಯ ಹೆಬ್ಬೆರಳಿಗೂ ಮಧ್ಯೆ ಎರಡು ಬೆರಳಿನಷ್ಟು ಜಾಗ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಒದ್ದಾಗ ಹೆಬ್ಬೆರಳು ಮೂಗಿಗೆ ಬಡಿಯುತ್ತೆ. ಉದ್ದವಾಯಿತೋ, ಏರಿಸುವಾಗ ಕಂಕುಳಲ್ಲಿ ಸಿಕ್ಕಿಕೊಂಡು ಕೊನೆಗೆ ತೋಳಿನ ಮೇಲೆ ಕೂರುತ್ತೆ, ತೋಳು ನೀಲಿಗಟ್ಟುತ್ತೆ. ಹಾಗೆ ಎತ್ತಿ ಹಿಡಿದು ಅರ್ಧ ನಿಮಿಷ ನಿಲ್ಲಲಿ. ನಳಿಗೆ ಇಳಿಯತೊಡಗಿದರೆ ಆ ಬಂದೂಕು ಈ ವರ್ಷಕ್ಕೆ ಭಾರ.

ಸ್ಪೇಸರ್ ಹಾಕಿ ಉದ್ದ ಹೆಚ್ಚಿಸಬಹುದಾದ ಸ್ಟಾಕ್ ಇರೋದನ್ನೇ ಹುಡುಕಿ. ಸೆಕೆಂಡ್‌ಹ್ಯಾಂಡ್ ರೆಮಿಂಗ್ಟನ್ 1100 ತಂದು ಕತ್ತರಿಸೋರು ಹುಷಾರು, ಅದರ ಸ್ಪ್ರಿಂಗ್ ಕೊಳವೆ ಸ್ಟಾಕ್ ಒಳಗೇ ಇದೆ, ಕತ್ತರಿಸೋಕೆ ಹೋದರೆ ಅದಕ್ಕೇ ತಗುಲಬಹುದು.

ದುಡ್ಡು ಕೊಡೋ ಮುಂಚೆ ಕಣ್ಣು ಪರೀಕ್ಷಿಸಿ. ಅವಳು ಎರಡೂ ಕೈ ಮುಂದೆ ಚಾಚಿ, ಅಂಗೈ ಜೋಡಿಸಿ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟುಕೊಂಡೇ ಅದರೊಳಗಿಂದ ನಿಮ್ಮ ಮೂಗನ್ನ ನೋಡಲಿ. ಕಿಂಡಿಯಲ್ಲಿ ನಿಮಗೆ ಕಾಣೋ ಕಣ್ಣೇ ಅವಳ ಬಲವಾದ ಕಣ್ಣು. ಮೂರ್ನಾಲ್ಕು ಸಲ ಮಾಡಿಸಿ.

ಬ್ರಾಜೋಸ್_ದಂಡೆ:
ಪ್ರತಿ ಸಲವೂ ಎಡಗಣ್ಣೇ ಬಂತು ಮೇಡಂ. ಆದರೆ ಬರೆಯೋದು, ಚೆಂಡು ಎಸೆಯೋದು ಎಲ್ಲ ಬಲಗೈ. ಈಗೇನು ಮಾಡೋದು?

ಸ್ಕೀಟ್_ಶಾಲಿನಿ:
ಎಡಭುಜದಿಂದಲೇ ಶುರು ಮಾಡಿಸಿ. ಇನ್ನೂ ಯಾವ ರೂಢಿಯೂ ಕೂತಿಲ್ಲ, ಬೇಗ ಹೊಂದಿಕೊಳ್ಳುತ್ತಾಳೆ. ಬಲಭುಜದಿಂದ ಹೊಡೆದರೆ ಎಡಗಣ್ಣು ನಳಿಗೆಯನ್ನ ಪಕ್ಕದಿಂದ ನೋಡುತ್ತೆ, ಏಟು ಪ್ರತಿ ಸಲ ಗುರಿಯ ಎಡಕ್ಕೇ ಹೋಗುತ್ತೆ. ಎಡಗಣ್ಣು ಮುಚ್ಚಿಸಬಹುದು, ಕನ್ನಡಕದ ಎಡಗಾಜಿಗೆ ಚಿಕ್ಕ ಟೇಪ್ ತುಣುಕು ಅಂಟಿಸಬಹುದು. ಆದರೆ ಹಾರೋ ಹಕ್ಕಿಯ ದೂರ, ವೇಗ ಅಂದಾಜು ಮಾಡೋಕೆ ಎರಡೂ ಕಣ್ಣು ಬೇಕು.

ಎಡಭುಜ ಅಂದ ಮೇಲೆ ಬಂದೂಕಿನ ಆಯ್ಕೆಯೂ ಬದಲಾಗುತ್ತೆ. ಬಲಗೈಯವರ ಸೆಮಿ-ಆಟೊ ಖಾಲಿ ಶೆಲ್ಲನ್ನ ಬಲಕ್ಕೆ, ಅಂದರೆ ಅವಳ ಮುಖದ ಮುಂದಿನಿಂದ ಎಸೆಯುತ್ತೆ. ಕನ್ನಡಕ ಹಾಕಿದ್ದರೆ ಅಪಾಯವಿಲ್ಲ, ಆದರೆ ಗಮನ ಕೆಡುತ್ತೆ. ಟ್ರಿಗರ್ ಹಿಂದಿನ ಅಡ್ಡಗುಂಡಿ ಸೇಫ್ಟಿಯೂ ಎಡಗೈಗೆ ಉಲ್ಟಾ. ಮಾಸ್‌ಬರ್ಗ್ 500ರ ಸೇಫ್ಟಿ ಮೇಲ್ಗಡೆ ಇರೋದರಿಂದ ಎರಡೂ ಕೈಗೆ ಒಂದೇ. ಓವರ್-ಅಂಡರ್‌ನಲ್ಲೂ ಹಾಗೇ. ನಿಮ್ಮ ಮಗಳ ವಿಷಯದಲ್ಲಿ ನಾನು ಹಗುರವಾದ 20 ಗೇಜ್ ಓವರ್-ಅಂಡರ್‌ನ ಯೂತ್ ಮಾದರಿಯನ್ನೇ ಮೊದಲು ಕೈಗೆ ಕೊಟ್ಟು ನೋಡ್ತೀನಿ.

ಅಭ್ಯಾಸಕ್ಕೆ 7/8 ಔನ್ಸ್, ಸೆಕೆಂಡಿಗೆ 1,200 ಅಡಿ ಮೀರದ ಶೆಲ್. ಕಿವಿಗೆ ಪ್ಲಗ್, ಅದರ ಮೇಲೆ ತೆಳು ಬಟ್ಟಲಿನ ಮಫ್. ದಪ್ಪ ಮಫ್ ಸ್ಟಾಕ್‌ಗೆ ತಾಗಿ ಸರಿಯುತ್ತೆ. ಮೊದಲು ನೆಲದ ಮೇಲೆ ನಿಲ್ಲಿಸಿದ ಕ್ಲೇ, 15 ಗಜದಿಂದ. ಆಮೇಲೆ ನೇರ ದೂರ ಹೋಗುವ ಕ್ಲೇ. ಅಡ್ಡ ಹಾರೋದು ಕೊನೆಗೆ. ಒಂದು ದಿನಕ್ಕೆ ಹತ್ತು ಹದಿನೈದು ಶೆಲ್ ಸಾಕು, 25ರ ಬಾಕ್ಸ್ ಖಾಲಿ ಮಾಡಲೇಬೇಕು ಅಂತಿಲ್ಲ. ಮಧ್ಯೆ ಅವಳಿಗೆ ಗೊತ್ತಾಗದ ಹಾಗೆ ಒಂದು ಡಮ್ಮಿ ಶೆಲ್ ಹಾಕಿ. ಟ್ರಿಗರ್ ಎಳೆದಾಗ ನಳಿಗೆಯ ತುದಿ ಕೆಳಕ್ಕೆ ಕುಕ್ಕಿದರೆ ಒದೆತಕ್ಕೆ ಹೆದರಿದ್ದಾಳೆ ಅಂತ. ಆವತ್ತಿಗೆ ಅಲ್ಲಿಗೇ ನಿಲ್ಲಿಸಿ.

ಆಸ್ಟಿನ್_ಆನಂದ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾವು ಎಚ್-1ಬಿ ವೀಸಾದವರು, ಮಗ ಇಲ್ಲೇ ಹುಟ್ಟಿದವನು. ನಾವು ಕೊಳ್ಳಬಹುದಾ?

ವೇಕೋ_ಗೌಡ:
ಆನಂದ ಅವರೇ, ಇದನ್ನ ಹಗುರವಾಗಿ ತಗೋಬೇಡಿ. ಎಚ್-1ಬಿ, ಎಚ್-4, ಎಫ್-1 ಥರದ ವೀಸಾದವರು ಬಂದೂಕು, ಶೆಲ್ ಇಟ್ಟುಕೊಳ್ಳೋದೇ ಫೆಡರಲ್ ಕಾನೂನಿನಲ್ಲಿ ಅಪರಾಧ. ಕೆಲವು ವಿನಾಯಿತಿಗಳಿವೆ, ನಮ್ಮಂಥವರಿಗೆ ಸಿಗೋದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಅಂಗಡಿಯಲ್ಲಿ 4473 ಫಾರಂ ತುಂಬುವಾಗ ಅದನ್ನೂ ತೋರಿಸಬೇಕು. ಟೆಕ್ಸಸ್ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತೆ. ಹೊಸದು ತಗೊಳ್ಳದೆ ಸೆಪ್ಟೆಂಬರ್ 1ರಂದು ಬಂದೂಕು ಮನೆಯಲ್ಲಿದ್ದರೆ ವಿನಾಯಿತಿ ಹೋದ ಹಾಗೇ. ಗ್ರೀನ್‌ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಕೊಳ್ಳೋ ಮುಂಚೆ ನಿಮ್ಮ ಇಮಿಗ್ರೇಶನ್ ವಕೀಲರನ್ನ ಒಂದು ಮಾತು ಕೇಳಿ.

ಕಾಫಿತೋಟ_ಹೂಸ್ಟನ್:
ಯಾರೂ ಹೇಳದ ಒಂದು ಅಪಾಯ ಇದೆ. ಬ್ರಾಜೋಸ್ ಅವರೇ, ನಿಮ್ಮ ಮನೆಯಲ್ಲಿ ಈಗ 12 ಮತ್ತು 20 ಎರಡೂ ಆಗುತ್ತೆ. 20ರ ಶೆಲ್ 12ರ ನಳಿಗೆಯೊಳಗೆ ಜಾರಿ, ಚೇಂಬರ್ (ಶೆಲ್ ಕೂರೋ ಜಾಗ) ದಾಟಿ ಅಲ್ಲೇ ಕಚ್ಚಿಕೊಳ್ಳುತ್ತೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಅನ್ನಿಸುತ್ತೆ. ಅದರ ಹಿಂದೆ 12ರ ಶೆಲ್ ಹಾಕಿ ಹೊಡೆದರೆ ನಳಿಗೆ ಮುಂಗೈ ಹತ್ತಿರವೇ ಸಿಡಿಯುತ್ತೆ. 20 ಗೇಜ್ ಶೆಲ್‌ಗೆ ಹಳದಿ ಬಣ್ಣ ಕೊಟ್ಟಿರೋದು ಈ ಕಾರಣಕ್ಕೇ. ಆದರೂ ಎರಡಕ್ಕೂ ಬೇರೆ ಬೇರೆ ಚೀಲ ಇರಲಿ, ಒಂದೇ ಜಾಕೆಟ್ ಜೇಬಿಗೆ ಎರಡೂ ಹಾಕಬೇಡಿ. ಅವಳು ಕಲಿಯೋ ವರ್ಷ ಹೊಲಕ್ಕೆ ಹೋಗುವಾಗ ನಿಮ್ಮ 12 ಮನೆಯಲ್ಲೇ ಇದ್ದರೆ ಒಳ್ಳೇದು. ಅವಳ ಪಕ್ಕ ಬರಿಗೈಲಿ ನಿಂತರೆ ನಿಮ್ಮ ಕಣ್ಣೂ ಅವಳ ನಳಿಗೆಯ ಮೇಲೇ ಇರುತ್ತೆ.

ಡವ್ ಬೇಟೆಯಲ್ಲಿ ಬಂದೂಕು ಒಟ್ಟು ಮೂರು ಶೆಲ್‌ಗಿಂತ ಹೆಚ್ಚು ಹಿಡಿಯಬಾರದು. ಪಂಪ್ ಅಥವಾ ಸೆಮಿ-ಆಟೊ ಆದರೆ ಮ್ಯಾಗಜಿನ್‌ನಲ್ಲಿ ಪ್ಲಗ್ (ಹೆಚ್ಚು ಶೆಲ್ ಹಿಡಿಸದ ಹಾಗೆ ತಡೆಯೋ ಕಡ್ಡಿ) ಇದೆಯಾ ನೋಡಿ, ಒಂದೊಂದೇ ತುಂಬಿದರೂ ಪ್ಲಗ್ ಇರಲೇಬೇಕು. ಹಕ್ಕಿಯ ಕೆಳಗೆ ಆಕಾಶ ಕಂಡರೆ ಮಾತ್ರ ಹೊಡೆಯೋದು ಅನ್ನೋದನ್ನ ಅವಳ ಬಾಯಲ್ಲೇ ಹೇಳಿಸಿ. ಕೆಳಗೆ ಹಾರಿದ ಹಕ್ಕಿಯ ಹಿಂದೆ ಇನ್ನೊಬ್ಬ ಬೇಟೆಗಾರ ಕೂತಿರಬಹುದು, 8ನೇ ನಂಬರಿನ ಗುಂಡೂ 200 ಗಜದವರೆಗೆ ಹೋಗುತ್ತೆ.

ಬಂದೂಕು ಅವಳದೇ ಆದರೂ ಬೀಗದ ಕೈ ನಿಮ್ಮ ಹತ್ತಿರ. 17 ವರ್ಷದೊಳಗಿನವರ ಕೈಗೆ ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಟೆಕ್ಸಸ್‌ನಲ್ಲಿ ಅಪರಾಧ ನಿಮ್ಮ ಮೇಲೆ ಬರುತ್ತೆ. ಸೇಫ್‌ನಲ್ಲಿ ಖಾಲಿ ಬಂದೂಕು, ಶೆಲ್‌ಗೆ ಬೇರೆ ಬೀಗದ ಡಬ್ಬಿ.

ಬ್ರಾಜೋಸ್_ದಂಡೆ:
ಎಲ್ಲರಿಗೂ ಧನ್ಯವಾದ. .410 ಕೈಬಿಟ್ಟೆ. ಶನಿವಾರ ಅವಳನ್ನ ಕರ್ಕೊಂಡು ಹೋಗಿ 20ರ ಓವರ್-ಅಂಡರ್, ಮಾಸ್‌ಬರ್ಗ್ ಬ್ಯಾಂಟಮ್ ಎರಡನ್ನೂ ಎಡಭುಜಕ್ಕೆ ಏರಿಸಿ ನೋಡ್ತೀವಿ. ಚೋಕ್ (ನಳಿಗೆಯ ತುದಿ ಕಿರಿದಾಗಿಸಿ ಗುಂಡು ಎಷ್ಟು ಹರಡಬೇಕು ಅಂತ ಹಿಡಿತದಲ್ಲಿಡೋದು) ಯಾವುದು ಹಾಕಲಿ ಮೇಡಂ?

ಸ್ಕೀಟ್_ಶಾಲಿನಿ:
ಇಂಪ್ರೂವ್ಡ್ ಸಿಲಿಂಡರ್, ಅಂದರೆ ಕಡಿಮೆ ಬಿಗಿಯ ಚೋಕ್. 25 ಗಜದೊಳಗಿನ ಹಕ್ಕಿಗೆ ಅದೇ ಸರಿ, ಈ ವರ್ಷ ಅದಕ್ಕಿಂತ ದೂರದ್ದನ್ನ ಅವಳು ಹೊಡೆಯೋದು ಬೇಡ. ಸೀಸನ್ನಿಗೆ ಮುಂಚೆ 25 ಗಜದಲ್ಲಿ ದೊಡ್ಡ ಕಾಗದ ಕಟ್ಟಿ, ಬೇಟೆಗೆ ಒಯ್ಯುವ ಶೆಲ್ಲನ್ನೇ ಮೂರು ಹಾಳೆಗೆ ಒಂದೊಂದು ಏಟು ಹೊಡೆದು, ಗುಂಡು ಎಲ್ಲಿ ಬೀಳುತ್ತೆ ಅಂತ ಅವಳಿಗೇ ತೋರಿಸಿ.