ವಕೀಲರನ್ನು ಕೇಳಿ: 21 ತುಂಬುವ ಮುಂಚೆ ಕುಡಿದು ಸಿಕ್ಕಿಬಿದ್ದರೆ

ಅಡ್ಮಿನ್: ಟೆಕ್ಸಾಸ್ ಕನ್ನಡಿಗರಿಗೆ ನಮಸ್ಕಾರ. ಕಾಲೇಜು ಮಕ್ಕಳಿಗೆ ಕುಡಿತದ ಟಿಕೆಟ್ ಬಂದ ಬಗ್ಗೆ ಸುಮಾರು ಜನ ಕೇಳುತ್ತಿದ್ದೀರಿ. ನಮ್ಮ ಗುಂಪಿನ ವಕೀಲರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಹೆಸರು, ಕಾಲೇಜು, ಕೇಸ್ ನಂಬರ್ ಬರೆಯಬೇಡಿ. ಫಾರ್ವರ್ಡ್ ಹಾಕಬೇಡಿ.

ಪ್ಲೇನೋ ಅಮ್ಮ: ಮೇಡಂ, ಮಗಳಿಗೆ 19. ಪಾರ್ಟಿಯಲ್ಲಿ ಕೈಯಲ್ಲಿ ಬಿಯರ್ ಕ್ಯಾನ್ ಇತ್ತು, ಕುಡಿದಿರಲಿಲ್ಲ ಅಂತಾಳೆ. ಎಂಐಪಿ (ಮೈನರ್ ಇನ್ ಪೊಸೆಷನ್, ಅಂದರೆ 21 ತುಂಬದವರ ಬಳಿ ಮದ್ಯ) ಅಂತ ಟಿಕೆಟ್ ಕೊಟ್ಟಿದ್ದಾರೆ. ಜೈಲಾಗುತ್ತಾ? ನಿದ್ದೆ ಬರುತ್ತಿಲ್ಲ.

ವಕೀಲರು: ಜೈಲಿಲ್ಲಮ್ಮ, ನಿದ್ದೆ ಮಾಡಿ. ಕ್ಲಾಸ್ ಸಿ ಕೇಸ್, ಎಲ್ಲಕ್ಕಿಂತ ಕೆಳಗಿನದು. ಮೊದಲ ಸಲವಾದರೆ 500 ಡಾಲರ್‌ವರೆಗೆ ದಂಡ, 8ರಿಂದ 12 ಗಂಟೆ ಸಮಾಜಸೇವೆ, ಮದ್ಯದ ಬಗ್ಗೆ ಒಂದು ಕ್ಲಾಸು, 30 ದಿನ ಲೈಸೆನ್ಸ್ ಇಲ್ಲ. ಕುಡಿದಿರಲಿಲ್ಲ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕೈಯಲ್ಲಿ ಇದ್ದದ್ದೇ ತಪ್ಪು.

ಹ್ಯೂಸ್ಟನ್ ಮಾವ: ಇಷ್ಟಕ್ಕೆಲ್ಲ ವಕೀಲರು ಯಾಕೆ? ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ, ಮರೆತುಬಿಡಿ. ನಾನು ಸ್ಪೀಡಿಂಗ್ ಟಿಕೆಟ್‌ಗೆ ಹಾಗೇ ಮಾಡಿದ್ದು.

ವಕೀಲರು: ಸಾರ್, ಇದು ಸ್ಪೀಡಿಂಗ್ ಅಲ್ಲ. 21ರ ಕೆಳಗಿನವರು ಈ ಕೇಸಿನಲ್ಲಿ ತಪ್ಪೊಪ್ಪಿಕೊಳ್ಳುವುದಾದರೆ ಕೋರ್ಟಿನಲ್ಲಿ ಜಡ್ಜ್ ಎದುರೇ ನಿಂತು ಒಪ್ಪಿಕೊಳ್ಳಬೇಕು ಅಂತ ಟೆಕ್ಸಾಸ್ ಕಾನೂನೇ ಇದೆ. ಟಿಕೆಟ್ ಮೇಲಿನ ತಾರೀಖಿಗೆ ಹೋಗದಿದ್ದರೆ ವಾರಂಟ್ ಬರುತ್ತದೆ.

ಆಸ್ಟಿನ್ ಚಿಕ್ಕಪ್ಪ: ಮೇಡಂ, ನಮ್ಮ ಅಣ್ಣನ ಮಗ. ದಾವಣಗೆರೆಯಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದಾನೆ, 19 ವರ್ಷ. ಶನಿವಾರ ರಾತ್ರಿ ರೂಮ್‌ಮೇಟ್ ಕುಡಿದು ವಾಂತಿ ಮಾಡಿಕೊಂಡು ಬಾತ್‌ರೂಮಿನಲ್ಲಿ ಬಿದ್ದ. ಕೆನ್ನೆಗೆ ತಟ್ಟಿದರೂ ಏಳಲಿಲ್ಲ, ತುಟಿ ನೀಲಿಯಾಗಿತ್ತಂತೆ. ಇವನೇ 911ಕ್ಕೆ ಫೋನ್ ಮಾಡಿ, ಅವನನ್ನು ಮಗ್ಗುಲಿಗೆ ತಿರುಗಿಸಿ ಹಿಡಿದು ಕೂತಿದ್ದ. ಆಂಬ್ಯುಲೆನ್ಸ್ ಜೊತೆ ಪೊಲೀಸರೂ ಬಂದರು. ಇವನ ಬಾಯಿಂದಲೂ ವಾಸನೆ ಬಂತು ಅಂತ ಇವನಿಗೂ ಟಿಕೆಟ್! ಅಣ್ಣನಿಗೆ ಇನ್ನೂ ಹೇಳಿಲ್ಲ. ವೀಸಾ ಹೋಗುತ್ತಾ?

ಇರ್ವಿಂಗ್ ಅಣ್ಣ: ಪೊಲೀಸರು ಮಿರಾಂಡಾ ಹಕ್ಕು (ಸುಮ್ಮನಿರುವ, ವಕೀಲರನ್ನು ಕೇಳುವ ಹಕ್ಕು) ಓದಿ ಹೇಳದಿದ್ದರೆ ಕೇಸೇ ಬಿದ್ದು ಹೋಗುತ್ತದೆ. ವಾಟ್ಸಾಪ್‌ನಲ್ಲಿ ಬಂದಿತ್ತು, ಹಾಕಲಾ?

ವಕೀಲರು: ಹಾಕಬೇಡಿ. ಕಸ್ಟಡಿಯಲ್ಲಿ ಇಟ್ಟು ಪ್ರಶ್ನೆ ಕೇಳಿದ್ದರೆ ಮಾತ್ರ ಮಿರಾಂಡಾ ವಿಷಯ ಬರುತ್ತದೆ. ಆಗಲೂ ಹೋಗುವುದು ಅವನು ಕೊಟ್ಟ ಹೇಳಿಕೆ, ಕೇಸಲ್ಲ.

ಆಸ್ಟಿನ್ ಚಿಕ್ಕಪ್ಪ ಅವರೇ, ನಿಮ್ಮದನ್ನು ಎರಡು ಸಲ ಓದಿದೆ. ನಿಮ್ಮ ಹುಡುಗ ಒಳ್ಳೆ ಕೆಲಸ ಮಾಡಿದ್ದಾನೆ, ಕಾನೂನೂ ಅವನ ಕಡೆಗಿದೆ. ಕುಡಿದವರಿಗೆ ಜೀವಾಪಾಯ ಅನ್ನಿಸಿ ಮೊದಲು ಸಹಾಯಕ್ಕೆ ಕರೆ ಮಾಡಿದವರು 21ರ ಕೆಳಗಿದ್ದರೂ ಅವರ ಮೇಲೆ ಕುಡಿದ ಕೇಸ್ ನಿಲ್ಲುವುದಿಲ್ಲ. ಮೂರು ವಿಷಯ ತೋರಿಸಬೇಕು. ಮೊದಲ ಕರೆ ಇವನದೇ ಆಗಿರಬೇಕು. ಆಂಬ್ಯುಲೆನ್ಸ್ ಬರುವವರೆಗೆ ಅಲ್ಲೇ ಇದ್ದಿರಬೇಕು. ಆಂಬ್ಯುಲೆನ್ಸ್‌ನವರಿಗೂ ಪೊಲೀಸರಿಗೂ ಸಹಕರಿಸಿರಬೇಕು. ಟಿಕೆಟ್ ಬರೆಯುವ ಪೊಲೀಸರಿಗೆ ಆ ಗಡಿಬಿಡಿಯಲ್ಲಿ ಇದು ನೆನಪಿರುವುದಿಲ್ಲ, ಅಥವಾ ಜಡ್ಜ್ ನೋಡಿಕೊಳ್ಳಲಿ ಅಂತ ಬರೆದುಬಿಡುತ್ತಾರೆ. ಅವನ ಫೋನಿನ ಕಾಲ್ ಲಾಗ್ ಅಳಿಸಬೇಡಿ. 911 ಕರೆಯ ರೆಕಾರ್ಡಿಂಗ್ ಮತ್ತು ಪೊಲೀಸರ ಬಾಡಿಕ್ಯಾಮ್ ವಿಡಿಯೋ ಬೇಕು ಅಂತ ಈ ವಾರವೇ ಅರ್ಜಿ ಹಾಕಿಸಿ. ಅವನ್ನೆಲ್ಲ ಶಾಶ್ವತವಾಗಿ ಇಟ್ಟುಕೊಂಡಿರುವುದಿಲ್ಲ.

ನನಗೆ ಭಯ ಇರುವುದು ಬೇರೆ ಕಡೆ. ಕೋರ್ಟಿಗೆ ಹೋದ ದಿನ ಯಾರೋ ‘ಡಿಫರ್ಡ್ (ತೀರ್ಪು ಮುಂದೂಡಿಕೆ) ತಗೋ, ಕೆಲವು ತಿಂಗಳು ಸುಮ್ಮನಿದ್ದರೆ ಡಿಸ್‌ಮಿಸ್’ ಅಂತಾರೆ. ಇಲ್ಲೇ ಹುಟ್ಟಿದ ಹುಡುಗನಿಗೆ ಅದು ಒಳ್ಳೆ ದಾರಿ. ನಿಮ್ಮವನಿಗಲ್ಲ. ಡಿಫರ್ಡ್ ಸಿಗಬೇಕಾದರೆ ಮೊದಲು ಗಿಲ್ಟಿ (ತಪ್ಪು ಮಾಡಿದ್ದೇನೆ) ಅಥವಾ ನೋ ಕಾಂಟೆಸ್ಟ್ (ಆರೋಪದ ವಿರುದ್ಧ ವಾದಿಸುವುದಿಲ್ಲ) ಅನ್ನಬೇಕು. ಹಾಗಂದ ಮೇಲೆ ಜಡ್ಜ್ ಏನಾದರೂ ಷರತ್ತು ಹಾಕಿದರೆ, ಟೆಕ್ಸಾಸ್ ಆಮೇಲೆ ಕೇಸ್ ಅಳಿಸಿದರೂ ವಲಸೆ ಇಲಾಖೆ ಅದನ್ನು ಕನ್ವಿಕ್ಷನ್ (ಅಪರಾಧ ಸಾಬೀತು) ಅಂತಲೇ ಎಣಿಸಬಹುದು. ಬರೀ 21ರೊಳಗೆ ಕುಡಿದಿದ್ದಕ್ಕೆ ಗಡಿಪಾರು ಮಾಡುವ ಕಲಂ ಇಲ್ಲ, ಸಮಾಧಾನ ಮಾಡಿಕೊಳ್ಳಿ. ಆದರೆ 2025ರ ಏಪ್ರಿಲ್ ನೆನಪಿದೆಯಲ್ಲ? ಸಣ್ಣಪುಟ್ಟ ಪೊಲೀಸ್ ದಾಖಲೆ ಇದ್ದವರೂ ಸೇರಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ರದ್ದಾಯಿತು. ಹುಡುಗರು ಕೋರ್ಟಿಗೆ ಹೋದ ಮೇಲೆ ವಾಪಸ್ ಬಂತು. ಹಾಗಾಗಿ ನಿಮ್ಮ ಹುಡುಗ ‘ನಾಟ್ ಗಿಲ್ಟಿ’ ಅನ್ನಲಿ, ವಲಸೆ ವಕೀಲರನ್ನು ಕೇಳದೆ ಇನ್ನೇನೂ ಒಪ್ಪಿಕೊಳ್ಳದಿರಲಿ.

ಪ್ಲೇನೋ ತಾತ: ನಮ್ಮ ಮೊಮ್ಮಗನಿಗೂ ಎಂಐಪಿ. ಜೈಲಾ?

ವಕೀಲರು: ಮೇಲೆ ಓದಿ.

ಇರ್ವಿಂಗ್ ಅಣ್ಣ: ಟೂತ್‌ಪೇಸ್ಟ್ ನುಂಗಿದರೆ ಉಸಿರು ಪರೀಕ್ಷೆ ಮೆಷಿನ್‌ನಲ್ಲಿ ಬರಲ್ಲ ಅಂತಾರಲ್ಲ?

ವಕೀಲರು: ಹೊಟ್ಟೆನೋವು ಬರುತ್ತದೆ. ಎಷ್ಟೋ ಮೌತ್‌ವಾಷ್‌ಗಳಲ್ಲಿ ಆಲ್ಕೋಹಾಲೇ ಇರುತ್ತದೆ, ಅದನ್ನೂ ಯಾರಿಗಾದರೂ ಹೇಳಿಕೊಡುತ್ತೀರಾ? ಮಕ್ಕಳು ಈ ಗುಂಪು ಓದುತ್ತಾರೆ ಸಾರ್.

ಡೆಂಟನ್ ಹುಡುಗ: ಮೇಡಂ, ಒಂದೇ ಬಿಯರ್ ಕುಡಿದು ಗಾಡಿ ಓಡಿಸಿದ್ದರೆ? ರಕ್ತದಲ್ಲಿ ಆಲ್ಕೋಹಾಲ್ 0.08 ದಾಟಿರಲಿಲ್ಲ. ಫ್ರೆಂಡ್‌ಗೆ ಕೇಳ್ತಿದ್ದೀನಿ.

ವಕೀಲರು: 21ರ ಕೆಳಗೆ 0.08 ಲೆಕ್ಕಕ್ಕಿಲ್ಲ. ಒಂದು ತೊಟ್ಟು ಪತ್ತೆಯಾದರೂ ಕೇಸ್. ಫ್ರೆಂಡ್ ವೀಸಾದಲ್ಲಿದ್ದರೆ ಇವತ್ತೇ ವಕೀಲರಿಗೆ ಫೋನ್ ಮಾಡಲಿ. ಕುಡಿದು ಓಡಿಸಿ ಅರೆಸ್ಟ್ ಆದರೆ ತೀರ್ಪಿಗೆ ಮುಂಚೆಯೇ ವೀಸಾ ರದ್ದಾಗಬಹುದು.

ಹ್ಯೂಸ್ಟನ್ ಮಾವ: ನಮ್ಮೂರಲ್ಲಿ 18ಕ್ಕೇ ಬಿಡ್ತಾರೆ. ಇಲ್ಲಿ 18ಕ್ಕೆ ಬಂದೂಕು ಕೊಡ್ತಾರೆ, ಬಿಯರ್ ಕೊಡಲ್ಲ.

ಫ್ರಿಸ್ಕೋ ಅಕ್ಕ: ನಮ್ಮೂರಲ್ಲೂ 21 ಮಾವ. ಬಾರ್ ಬೋರ್ಡ್ ಓದಿಲ್ವಾ?

ಹ್ಯೂಸ್ಟನ್ ಮಾವ: ಅಬಕಾರಿ ಕಾಯ್ದೆಯಲ್ಲಿ 18 ಅಂತಲೇ ಇದೆ. ಓದಿ ಮಾತಾಡಮ್ಮ.

ಫ್ರಿಸ್ಕೋ ಅಕ್ಕ: 1965ರ ಕಾಯ್ದೆಯಲ್ಲಿ 18, 1967ರ ಲೈಸೆನ್ಸ್ ನಿಯಮದಲ್ಲಿ 21. 2023ರಲ್ಲಿ ನಿಯಮವನ್ನೂ 18ಕ್ಕೆ ಇಳಿಸಲು ಹೊರಟು, ಜನ ಬೈದ ಮೇಲೆ ಕೈಬಿಟ್ಟರು. ನಾನು ಓದಿಯೇ ಮಾತಾಡ್ತೀನಿ.

ಹ್ಯೂಸ್ಟನ್ ಮಾವ: ಏನೇ ಇರಲಿ, ನನ್ನ ಮಗನಿಗೆ ಮನೆಯಲ್ಲಿ ನಾನೇ ಒಂದು ಗ್ಲಾಸ್ ಕೊಡ್ತೀನಿ. ಕದ್ದು ಕುಡಿಯೋದಕ್ಕಿಂತ ವಾಸಿ.

ಪ್ಲೇನೋ ಅಮ್ಮ: ಅಪ್ಪನೇ ಕುಡಿಸೋದಾ! ಅವನ ಜೊತೆ ಸೇರಿಯೇ ನನ್ನ ಮಗಳು ಕಲಿತಿದ್ದು ಅನ್ನಿಸ್ತಿದೆ.

ಹ್ಯೂಸ್ಟನ್ ಮಾವ: ನನ್ನ ಮಗನ ಸುದ್ದಿಗೆ ಬರಬೇಡಿ.

ವಕೀಲರು: ಟೆಕ್ಸಾಸ್‌ನಲ್ಲಿ ಅಪ್ಪ ಅಮ್ಮನ ಕಣ್ಣೆದುರು ಕುಡಿದರೆ ತಪ್ಪಲ್ಲ. ನಿಮ್ಮ ಮಗನಿಗೆ ಮಾತ್ರ. ಅವನ ಗೆಳೆಯನಿಗೆ ಕೊಟ್ಟರೆ ನಿಮ್ಮ ಮೇಲೆ ಕ್ಲಾಸ್ ಎ ಕೇಸ್. ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಜಗಳ ಬೇರೆ ಕಡೆ ಮಾಡಿ.

ಕೇಟಿ ಅಪ್ಪ: ಮಗನ ಪರ್ಸಿನಲ್ಲಿ ಬೇರೆಯವರ ಐಡಿ ಸಿಕ್ಕಿದೆ. ಅದು ಬಾರ್‌ನಲ್ಲಿ...

ವಕೀಲರು: ಅಳಿಸಿ. ಈಗಲೇ. ಅದು ಮೋಸದ ಲೆಕ್ಕಕ್ಕೆ ಹೋಗಬಹುದು, ಇಲ್ಲಿ ಬರೆಯುವಂಥದ್ದಲ್ಲ.

ಇರ್ವಿಂಗ್ ಅಣ್ಣ: ಎಚ್-1ಬಿ ಸ್ಟ್ಯಾಂಪಿಂಗ್‌ಗೆ ಈಗ ಇಂಟರ್‌ವ್ಯೂ ಬೇಕಾ?

ಪ್ಲೇನೋ ತಾತ: ಮೇಲೆ ಓದಿ ಅಂದರೆ ಎಲ್ಲಿ? ನನಗೆ ಫೋನಿನಲ್ಲಿ ಕಾಣಿಸುತ್ತಿಲ್ಲ.

ಆಸ್ಟಿನ್ ಚಿಕ್ಕಪ್ಪ: ಮೇಡಂ, ಹುಡುಗನ ಹತ್ತಿರ ಮಾತಾಡಿದೆ. ಒಂದು ತೊಡಕಿದೆ. ಅವನಿಗಿಂತ ಮುಂಚೆ ಪಕ್ಕದ ಮನೆಯವರು ಗಲಾಟೆ ಅಂತ ಪೊಲೀಸರಿಗೆ ಫೋನ್ ಮಾಡಿದ್ದರಂತೆ. ಹಾಗಾದರೆ ಮೊದಲ ಕರೆ ಇವನದ್ದಲ್ಲ ಅಲ್ವಾ?

ವಕೀಲರು: ಗಲಾಟೆ ಅಂತ ಮಾಡಿದ ಫೋನ್ ಬೇರೆ, ಆಂಬ್ಯುಲೆನ್ಸ್ ಕಳಿಸಿ ಅಂತ ಮಾಡಿದ ಫೋನ್ ಬೇರೆ. ಕಾನೂನು ಕೇಳುವುದು ವೈದ್ಯಕೀಯ ಸಹಾಯಕ್ಕೆ ಮೊದಲು ಕರೆದವರು ಯಾರು ಅಂತ. ಅದಕ್ಕೇ ಎರಡೂ ಕರೆಯ ರೆಕಾರ್ಡಿಂಗ್ ಬೇಕು. ರೂಮ್‌ಮೇಟ್‌ಗೂ ಟಿಕೆಟ್ ಬಂದಿದ್ದರೆ ಅವನಿಗೆ ಬೇರೆ ವಕೀಲರನ್ನು ಹಿಡಿಯಲು ಹೇಳಿ. ಈ ರಕ್ಷಣೆ ಕರೆ ಮಾಡಿದವನಿಗೆ, ಬಿದ್ದವನಿಗಲ್ಲ.

ಆಸ್ಟಿನ್ ಚಿಕ್ಕಪ್ಪ: ಕಾಲ್ ಲಾಗ್ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿದ್ದೀನಿ, ನೋಡಿ ಮೇಡಂ.

ವಕೀಲರು: ಅಯ್ಯೋ, ಅದರಲ್ಲಿ ಅವನ ನಂಬರ್ ಇದೆ. ತೆಗೆಯಿರಿ. ನಾಳೆ ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿ.